ಶಿಫ್ಟಿನ ಊರಿನ ಬೇಸಿಗೆ ರಜೆ



ಏಪ್ರಿಲ್ 10 ಎಂದರೆ ನಮ್ಮ ಕಾಲದ ಮಕ್ಕಳಿಗೆ ಫಲಿತಾಂಶದ ದಿನ. ಪಾಸೋ ಫೇಲೋ ಎಂಬುದು ತಿಳಿದು ಹೋದ ಮೇಲೆ ಮೇ ತಿಂಗಳ ಕೊನೆಯವರೆಗೂ ನಮ್ಮನ್ನು ಹಿಡಿಯುವವರಿರಲಿಲ್ಲ. ಹಳ್ಳಿಯ ಮಕ್ಕಳ ರಜೆಯ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಅಜ್ಜಿಯ ಮನೆ, ಮಾವಿನ ತೋಪು, ಊರ ಜಾತ್ರೆ ಎಲ್ಲವೂ ಅದರಲ್ಲಿ ಬಂದಿವೆ. ಕಾರ್ಖಾನೆಯ ಊರಿನ ಮಕ್ಕಳ ರಜೆಯ ಬಗ್ಗೆ ಅಷ್ಟು ಮಾತು ನಡೆದಿಲ್ಲ. ಹಾಗಾಗಿ ಇವತ್ತು ಭದ್ರಾವತಿಯಲ್ಲಿ, 1970ರ ದಶಕದ ಕೊನೆ ಮತ್ತು 1980ರ ದಶಕದ ಆರಂಭದಲ್ಲಿ, ಓಣಿ ಓಣಿ ಅಲೆದು ಬೆಳೆದ ನಮ್ಮ ಗೆಳೆಯರ ಗುಂಪಿನ ಬಗ್ಗೆ ಹೇಳಬೇಕೆಂದಿದ್ದೇನೆ. ನಮ್ಮ ಗೆಳೆತನಕ್ಕೆ ನಮ್ಮ ಸ್ವಭಾವ ಎಷ್ಟು ಕಾರಣವೋ, ಆ ಊರನ್ನು ಕಟ್ಟಿದ ರೀತಿಯೂ ಅಷ್ಟೇ ಕಾರಣ ಎಂದು ನಾನು ನಂಬಿದ್ದೇನೆ. ಈ ಮಾತು ಇವತ್ತಿನ ಅಪ್ಪ ಅಮ್ಮಂದಿರಿಗೂ, ಊರು ಕಟ್ಟುವವರಿಗೂ ಬೇಕಾದದ್ದು ಎನಿಸಿದೆ.

ಭದ್ರಾವತಿಗೆ ಮೊದಲಿದ್ದ ಹೆಸರು ಬೆಂಕಿಪುರ. ಭದ್ರಾ ನದಿಯ ದಂಡೆ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ಸುತ್ತ ಕಾಡು. ಅಲ್ಲಿ ಕಬ್ಬಿಣದ ಕಾರ್ಖಾನೆ ಆಗಬೇಕೆಂಬುದು ಸರ್ ಎಂ. ವಿಶ್ವೇಶ್ವರಯ್ಯನವರ ಹಂಬಲ. 1918ರಲ್ಲಿ ಕೆಲಸಕ್ಕೆ ಚಾಲನೆ ಸಿಕ್ಕಿತು. 1923ರಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಅದಿರು ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಬೆಟ್ಟದ ಮೇಲಿನಿಂದ ತಂತಿಯ ಮೇಲೆ ತೂಗುವ ತೊಟ್ಟಿಗಳಲ್ಲಿ ಕೆಳಗಿಳಿದು, ಆಮೇಲೆ ಟ್ರಾಮ್ ಹಳಿಯ ಮೇಲೆ ಊರಿಗೆ ಬರುವುದು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಆದ್ದರಿಂದ ಮಲೆನಾಡಿನ ಸೌದೆಯನ್ನೇ ಸುಟ್ಟು ಇದ್ದಿಲು ಮಾಡಿ ಅದರಿಂದ ಕಬ್ಬಿಣ ಕರಗಿಸಿದರು. 1936ರಲ್ಲಿ ಅದೇ ಊರಿನಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಒಂದು ಊರು, ಒಂದು ನದಿ, ಎರಡು ದೊಡ್ಡ ಕಾರ್ಖಾನೆ.

ಕಾರ್ಖಾನೆಗೆ ಜನ ಬೇಕಲ್ಲ? ಸುತ್ತಲಿನ ಹಳ್ಳಿಗಳಿಂದ ಬಂದರು, ಬಯಲುಸೀಮೆಯಿಂದ ಬಂದರು, ತಮಿಳುನಾಡಿನಿಂದ ಬಹಳ ಜನ ಬಂದರು. ಆಂಧ್ರ, ಕೇರಳದ ಕಡೆಯವರೂ ಬಂದರು. ಇವರಿಗೆಲ್ಲ ಕ್ವಾರ್ಟರ್ಸ್ ಕಟ್ಟಿಸಿಕೊಟ್ಟರು. ಸಾಲು ಸಾಲು ಮನೆ, ಎರಡು ಸಾಲಿನ ನಡುವೆ ಬಯಲು, ಮೂಲೆಗೆ ನಲ್ಲಿ. ಮನೆ ಹಂಚುವಾಗ ನೋಡುತ್ತಿದ್ದದ್ದು ಹುದ್ದೆ ಯಾವುದು, ಸರ್ವೀಸು ಎಷ್ಟು ಎಂದು. ಅಧಿಕಾರಿಗಳ ಬಂಗಲೆಗಳು ಬೇರೆಯೇ ಇದ್ದವು, ಆ ಅಂತರ ಇದ್ದೇ ಇತ್ತು. ಆದರೆ ಒಂದು ಸಾಲಿನೊಳಗೆ ನಿಮ್ಮ ಪಕ್ಕದ ಮನೆಗೆ ಯಾವ ಜಾತಿಯವರು, ಯಾವ ಭಾಷೆಯವರು ಬರುತ್ತಾರೆ ಎಂಬುದು ನಿಮ್ಮ ಕೈಯಲ್ಲಿರಲಿಲ್ಲ. ಹಳ್ಳಿಯಲ್ಲಾದರೆ ಕೇರಿ ಕೇರಿಗೆ ಗೆರೆ ಇರುತ್ತದೆ. ಪೇಟೆಯಲ್ಲಿ ಬಾಡಿಗೆಗೆ ಮನೆ ಕೊಡುವವರು ನೂರು ಪ್ರಶ್ನೆ ಕೇಳುತ್ತಾರೆ. ಇಲ್ಲಿ ಅಮ್ಮ ಒಗ್ಗರಣೆ ಹಾಕುವ ಹೊತ್ತಿಗೆ ಒಂದು ಕಡೆಯ ಮನೆಯಿಂದ ಕರುವಾಡಿನ, ಎಂದರೆ ಒಣಮೀನಿನ ವಾಸನೆ, ಇನ್ನೊಂದು ಕಡೆಯ ಮನೆಯಿಂದ ಮೆಂತ್ಯ ಹಿಟ್ಟಿನ ವಾಸನೆ ಬರುತ್ತಿತ್ತು. ಮೂರೂ ಮನೆಯ ಹುಡುಗರು ಹೊರಗೆ ಒಂದೇ ಲಗೋರಿಗೆ ಕಲ್ಲು ಜೋಡಿಸುತ್ತಿದ್ದೆವು.

ನಮ್ಮ ಗುಂಪಿನವರನ್ನು ಓಣಿಯಲ್ಲಿ ಹೆಸರಿಗಿಂತ ಹೆಚ್ಚಾಗಿ ಅಪ್ಪಂದಿರ ಕೆಲಸದಿಂದ ಗುರುತಿಸುತ್ತಿದ್ದರು. ರೋಲಿಂಗ್ ಮಿಲ್ಲಿನವರ ಮಗ, ಪೈಪ್ ಪ್ಲಾಂಟಿನವರ ಮಗ, ಲೋಕೋ ಶೆಡ್ಡಿನವರ ಮಗಳು, ಕಾಗದ ಕಾರ್ಖಾನೆಯ ಬಡಾವಣೆಯಾದ ಕಾಗದನಗರದವನು. ಅಂಗಡಿಯಲ್ಲಿ ಸಾಲ ಹೇಳುವಾಗಲೂ, ಯಾರದೋ ಪೇರಲೆ ಗಿಡ ಹತ್ತಿ ಸಿಕ್ಕಿಬಿದ್ದಾಗಲೂ ಕೇಳುವ ಮೊದಲ ಪ್ರಶ್ನೆ ಒಂದೇ: "ಯಾವ ಡಿಪಾರ್ಟ್‌ಮೆಂಟೋ ನಿಮ್ಮಪ್ಪ?" ಈ ಲೋಕೋ ಶೆಡ್ಡಿನವರ ಮಗಳು ನಮ್ಮೆಲ್ಲರಿಗಿಂತ ದೊಡ್ಡವಳು. ಟಾಸು ಹಾಕುವವಳೂ ಅವಳೇ, ಜಗಳ ತೀರಿಸುವವಳೂ ಅವಳೇ.

ಊರಿನ ಗಡಿಯಾರ ಎಂದರೆ ಕಾರ್ಖಾನೆಯ ಸೈರನ್. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10: ಮೂರು ಪಾಳಿ. ರಜೆಯಲ್ಲಿ ನಮ್ಮ ಆಟವೂ ಪಾಳಿಯ ಲೆಕ್ಕದಲ್ಲೇ ನಡೆಯುತ್ತಿತ್ತು. ಬೆಳಿಗ್ಗೆ ಎಲ್ಲರೂ ನಲ್ಲಿಯ ಹತ್ತಿರ ಸೇರಿದ ಕೂಡಲೇ ಮೊದಲು ಇತ್ಯರ್ಥವಾಗಬೇಕಾದ ವಿಷಯ, "ಈ ವಾರ ಯಾರ ಮನೇಲಿ ನೈಟ್ ಶಿಫ್ಟು?" ರಾತ್ರಿಪಾಳಿ ಮುಗಿಸಿ ಬಂದವರು ಹಗಲು ಮಲಗಬೇಕು. ಅಂಥವರ ಮನೆಯ ಮುಂದೆ ಮಧ್ಯಾಹ್ನದವರೆಗೆ ಚಿನ್ನಿದಾಂಡು ಇಲ್ಲ, ಕೂಗಾಟ ಇಲ್ಲ. ಆ ವಾರ ಆಟ ಹಿಂದಿನ ಬಯಲಿಗೆ ಹೋಗುತ್ತಿತ್ತು. ಗೆಳೆಯನನ್ನು ಕರೆಯಬೇಕಾದರೆ ಕಿಟಕಿಯ ಹತ್ತಿರ ಹೋಗಿ ಬೆರಳಿನಿಂದ ಎರಡು ಸಲ ತಟ್ಟಬೇಕು. ಈ ನಿಯಮವನ್ನು ಯಾವ ಮೇಷ್ಟ್ರೂ ಕಲಿಸಲಿಲ್ಲ. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಅದು ತಾನಾಗಿ ಬಂತು. ಇನ್ನೊಬ್ಬರ ಅಪ್ಪನ ನಿದ್ದೆ ಕಾಯುವುದೂ ಆಟದ ಒಂದು ಭಾಗ ಎಂದು ಏಳೆಂಟು ವರ್ಷದ ಮಕ್ಕಳಿಗೆ ಗೊತ್ತಿತ್ತು. ಗೆಳೆತನ ಎಂದರೆ ಏನು ಎಂದು ನನ್ನನ್ನು ಕೇಳಿದರೆ ನನಗೆ ಮೊದಲು ಹೊಳೆಯುವುದು ಇದೇ. ಗೆಳೆಯನ ಮನೆಯ ಸ್ಥಿತಿ ನಿಮಗೆ ಗೊತ್ತಿರಬೇಕು, ಗೊತ್ತಿರುವುದು ನಿಮ್ಮ ನಡತೆಯಲ್ಲಿ ಕಾಣಬೇಕು.

ರಜೆಯಲ್ಲಿ ನಮಗೊಂದು ಕೆಲಸವೂ ಇತ್ತು. ಅಪ್ಪಂದಿರಿಗೆ ಊಟದ ಕ್ಯಾರಿಯರ್ ಒಯ್ಯುವುದು. ನಾಲ್ಕೈದು ಮನೆಯ ಕ್ಯಾರಿಯರ್‌ಗಳನ್ನು ಇಬ್ಬರು ಸೇರಿ ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿಕೊಂಡು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆವು. ಕುಲುಮೆಯ ಕಡೆ ಕೆಲಸ ಮಾಡುವವರನ್ನು ಅಂಗಿ ನೋಡಿಯೇ ಹೇಳಬಹುದಿತ್ತು. ಎದೆ, ತೋಳಿನ ಮೇಲೆಲ್ಲ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ತೂತು, ಬೆನ್ನ ಮೇಲೆ ಬೆವರು ಒಣಗಿ ಬಿಳಿಯ ಉಪ್ಪಿನ ಗೆರೆ. ರೋಲಿಂಗ್ ಮಿಲ್ಲಿನ ಗೆಳೆಯನ ಅಮ್ಮ ಪ್ರತಿ ಭಾನುವಾರ ಆ ತೂತುಗಳಿಗೆ ತೇಪೆ ಹಾಕುತ್ತಾ ಕೂರುತ್ತಿದ್ದರು. ನಾವು ಸುತ್ತ ಕುಳಿತು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದೆವು. ನಮ್ಮ ಅನ್ನ ಎಲ್ಲಿಂದ ಬರುತ್ತದೆ ಎಂಬುದು ನಮಗೆ ಆ ಅಂಗಿಯಿಂದ ತಿಳಿಯಿತು.

ಇನ್ನು ಆಟದ ಸಾಮಾನು. ಕಬ್ಬಿಣದ ಊರಿನಲ್ಲಿ ಮಕ್ಕಳಿಗೆ ಆಟದ ಸಾಮಾನಿಗೆ ಬರವಿರಲಿಲ್ಲ. ಹಳೆಯ ಬೇರಿಂಗಿನ ಗುಂಡುಗಳೇ ನಮ್ಮ ಗೋಲಿ. ಮೂರು ಬೇರಿಂಗ್ ಸಿಕ್ಕರೆ ಹಲಗೆಗೆ ಜೋಡಿಸಿ ಗಾಡಿ ಮಾಡಿ ಇಳಿಜಾರಿನಲ್ಲಿ ಬಿಡುವುದು. ಕಂಬಿಯ ಕೊಕ್ಕೆಯಿಂದ ತಳ್ಳಿಕೊಂಡು ಓಡುವ ಚಕ್ರ ಎಲ್ಲರ ಹತ್ತಿರವೂ ಇತ್ತು. ಎಲ್ಲಕ್ಕಿಂತ ಹೆಚ್ಚು ಹೊತ್ತು ನಮ್ಮನ್ನು ಹಿಡಿದಿಟ್ಟದ್ದು ಅಯಸ್ಕಾಂತ. ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತದ್ದು, ಅಂಗೈ ತುಂಬುವಷ್ಟು ದಪ್ಪ. ಅದಕ್ಕೆ ದಾರ ಕಟ್ಟಿ ರಸ್ತೆಯ ಬದಿಯ ಮರಳಿನಲ್ಲಿ ಎಳೆದುಕೊಂಡು ಹೋದರೆ ಹತ್ತು ಹೆಜ್ಜೆಗೆ ಕಪ್ಪು ಮೀಸೆ ಬಂದಂತೆ ಕಬ್ಬಿಣದ ಪುಡಿ ಅಂಟಿಕೊಳ್ಳುತ್ತಿತ್ತು. ಅದನ್ನು ಬಿಡಿಸಿ ಬೆಂಕಿಪೊಟ್ಟಣದಲ್ಲಿ ತುಂಬಿಡುವುದು. ಕಾಗದನಗರದ ಗೆಳೆಯ ಮನೆಯಿಂದ ಕಾಗದದ ತುಂಡುಗಳನ್ನು ತರುತ್ತಿದ್ದ. ಕಾಗದದ ಮೇಲೆ ಪುಡಿ ಉದುರಿಸಿ ಕೆಳಗೆ ಅಯಸ್ಕಾಂತ ಹಿಡಿದು ಮೆಲ್ಲಗೆ ತಟ್ಟಿದರೆ ಪುಡಿ ಎದ್ದು ನಿಂತು, ಬಾಗಿ, ಒಂದರ ಪಕ್ಕ ಒಂದು ಕಮಾನು ಗೆರೆಗಳಾಗಿ ಸಾಲುಗಟ್ಟುತ್ತಿತ್ತು. ಎಷ್ಟೋ ವರ್ಷ ಆದ ಮೇಲೆ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಕಾಂತೀಯ ಬಲರೇಖೆಗಳ ಚಿತ್ರ ನೋಡಿದಾಗ ನಮ್ಮ ಗುಂಪಿನ ಯಾರಿಗೂ ಅದು ಹೊಸತಾಗಿರಲಿಲ್ಲ.

ಕ್ರಿಕೆಟ್ಟಿನ ಮಾತು ಬಿಡುವಂತಿಲ್ಲ. ಜಿ.ಆರ್. ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಭದ್ರಾವತಿಯಲ್ಲಿ. ಆದ್ದರಿಂದ ಹಲಗೆಯ ಬ್ಯಾಟು ಹಿಡಿದ ಹುಡುಗರಿಗೆಲ್ಲ ಸ್ಕ್ವೇರ್ ಕಟ್ ಹೊಡೆಯುವುದು ಊರಿನ ಮರ್ಯಾದೆಯ ಪ್ರಶ್ನೆ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ವಿರುದ್ಧ ಅವರು ಆಡಿದ ಮೊದಲ ಟೆಸ್ಟಿನಲ್ಲಿ ಮೊದಲ ಇನಿಂಗ್ಸಿಗೆ ಸೊನ್ನೆ, ಎರಡನೆಯದರಲ್ಲಿ 137. ಈ ಲೆಕ್ಕ ನಮ್ಮ ಓಣಿಯಲ್ಲಿ ಎಲ್ಲರಿಗೂ ಬಾಯಿಪಾಠ. ಯಾರಾದರೂ ಸೊನ್ನೆಗೆ ಔಟಾಗಿ ಮುಖ ಸಣ್ಣಗೆ ಮಾಡಿಕೊಂಡರೆ ಲೋಕೋ ಶೆಡ್ಡಿನವರ ಮಗಳು ಹೋಗಿ ಬೆನ್ನು ತಟ್ಟಿ, "ಬಿಡೋ, ವಿಶಿನೂ ಫಸ್ಟ್ ಇನಿಂಗ್ಸಲ್ಲಿ ಸೊನ್ನೆನೇ" ಅನ್ನುತ್ತಿದ್ದಳು. ಆ ಒಂದು ಮಾತಿಗೆ ಅಳು ನಿಲ್ಲುತ್ತಿತ್ತು. ಸೋತವನನ್ನು ಎರಡನೆಯ ಇನಿಂಗ್ಸಿಗೆ ಕರೆದು ಬ್ಯಾಟು ಕೊಡುವುದನ್ನು ನಾವು ಹಾಗೆ ಕಲಿತೆವು.

ಸಾಹಸ ಎಂದರೆ ನಮಗೆ ನೀರು ಮತ್ತು ಸೈಕಲ್. ಭದ್ರಾ ನಾಲೆಗಳಲ್ಲಿ ಬೇಸಿಗೆಯ ಬೆಳೆಗೆ ನೀರು ಬಿಡುತ್ತಾರೆ. ಏಪ್ರಿಲ್ಲಿನ ಬಿಸಿಲಿಗೆ ಊರೆಲ್ಲ ಕಾದಿರುವಾಗ ನಾಲೆ ಮಾತ್ರ ತಣ್ಣಗೆ ಹರಿಯುತ್ತಿರುತ್ತದೆ. ಆದರೆ ನಾಲೆಯ ಸೆಳೆತ ಮೇಲಿನಿಂದ ಕಾಣುವುದಿಲ್ಲ, ಕಲ್ಲು ಕಟ್ಟಿದ ಇಳಿಜಾರಿನಲ್ಲಿ ಪಾಚಿ ಇದ್ದರೆ ಹತ್ತಲು ಕಾಲು ನಿಲ್ಲುವುದಿಲ್ಲ. ಅದಕ್ಕಾಗಿ ಈಜು ಬರುವ ದೊಡ್ಡವರು ಒಬ್ಬರಾದರೂ ಜೊತೆಗೆ ಬಾರದೆ ನಮಗೆ ನೀರಿಗಿಳಿಯಲು ಅಪ್ಪಣೆ ಇರಲಿಲ್ಲ. ಪೈಪ್ ಪ್ಲಾಂಟಿನ ಗೆಳೆಯನ ಅಪ್ಪ, ಬೆಳಗಿನ ಪಾಳಿ ಮುಗಿಸಿ ಬಂದವರು, ಸಂಜೆ ಲಾರಿಯ ಟ್ಯೂಬು ಹೆಗಲಿಗೆ ಹಾಕಿಕೊಂಡು ನಮ್ಮನ್ನೆಲ್ಲ ನದಿಗೆ ಕರೆದೊಯ್ಯುತ್ತಿದ್ದರು. ಬೇಸಿಗೆಯಲ್ಲಿ ಬಂಡೆಗಳ ನಡುವೆ ಸೊಂಟದ ಮಟ್ಟದ ಮಡುಗಳಿರುತ್ತವೆ. ಹೊಟ್ಟೆಯ ಕೆಳಗೆ ಕೈ ಕೊಟ್ಟು, "ಹೆದರಬೇಡ ಮಗ, ನಾನಿದ್ದೀನಿ, ಕಾಲು ಬಡಿ" ಎಂದು ಓಣಿಯ ಮಕ್ಕಳಿಗೆಲ್ಲ ಒಬ್ಬೊಬ್ಬರಿಗೇ ಈಜು ಕಲಿಸಿದರು. ಎಂಟು ಗಂಟೆ ಕಾದ ಕಬ್ಬಿಣದ ಎದುರು ನಿಂತು ಬಂದ ಮನುಷ್ಯ ಇನ್ನೊಬ್ಬರ ಮಕ್ಕಳಿಗಾಗಿ ತನ್ನ ಸಂಜೆ ಕೊಟ್ಟರು. ಅವರ ಋಣ ನಮ್ಮಲ್ಲಿ ಯಾರ ತಲೆಯಿಂದಲೂ ಇಳಿದಿಲ್ಲ.

ಸೈಕಲ್ಲು ಗಂಟೆ ಲೆಕ್ಕದ ಬಾಡಿಗೆಯದು. ಕಾಲು ಎಟುಕದವರು ಒಳಪೆಡಲು ಹೊಡೆಯುತ್ತಿದ್ದೆವು. ಅದನ್ನೇ ಹಿಡಿದುಕೊಂಡು ಒಂದು ಬೇಸಿಗೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿಗೆ ಹೊರಟೆವು. ಪೂರ್ತಿ ದಿನದ ಬಾಡಿಗೆಗೆ ಎಲ್ಲರೂ ತಿಂಗಳಿಂದ ಕಾಸು ಕೂಡಿಸಿದ್ದೆವು. ಬುತ್ತಿಗೆ ಒಬ್ಬರ ಮನೆಯಿಂದ ಅವಲಕ್ಕಿ, ಒಬ್ಬರ ಮನೆಯಿಂದ ಪುಳಿಯೋಗರೆ, ಒಬ್ಬರ ಮನೆಯಿಂದ ಚಪಾತಿ ಮತ್ತು ಬೆಲ್ಲ. ಬಿಸಿಲೇರುವ ಮುಂಚೆ, ಆರರ ಸೈರನ್ ಆದ ಕೂಡಲೇ ಹೊರಡಬೇಕೆಂದು ಮಾತಾಗಿತ್ತು. ಏರಿನಲ್ಲಿ ಇಳಿದು ತಳ್ಳುವುದು, ಇಳಿಜಾರಿನಲ್ಲಿ ಕೈ ಬಿಟ್ಟು ಕಿರುಚುವುದು, ಕವಳೆ ಹಣ್ಣಿನ ಪೊದೆ ಕಂಡಲ್ಲಿ ಸೈಕಲ್ ಮಲಗಿಸಿ ನುಗ್ಗುವುದು. ನಡುದಾರಿಯಲ್ಲಿ ಒಂದು ಸೈಕಲ್ಲಿನ ಟ್ಯೂಬು ಪಂಕ್ಚರಾಯಿತು. ಹತ್ತಿರದಲ್ಲಿ ಅಂಗಡಿ ಇಲ್ಲ. ಆಗ ಯಾರೂ ಯಾರನ್ನೂ ಬಿಟ್ಟು ಮುಂದೆ ಹೋಗಲಿಲ್ಲ. ಸರದಿಯ ಮೇಲೆ ಅದನ್ನು ತಳ್ಳಿಕೊಂಡು ಎಲ್ಲರೂ ನಡೆದೆವು.

ಅಣೆಕಟ್ಟಿನ ಹಿಂದೆ ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ತಲೆ ಎತ್ತಿರುತ್ತವೆ. ಜಲಾಶಯದ ಗರಿಷ್ಠ ಮಟ್ಟ 186 ಅಡಿ ಎಂದು ಊರಿನ ಮಕ್ಕಳಿಗೆಲ್ಲ ಗೊತ್ತು, ಮಳೆಗಾಲದಲ್ಲಿ ದೊಡ್ಡವರು ದಿನಾ ಅದರದ್ದೇ ಮಾತಾಡುತ್ತಾರೆ. ತುಂಬಿದ ಜಲಾಶಯದಲ್ಲಿ ಕಾಣದ ನೋಟ ಬೇಸಿಗೆಯಲ್ಲಿ ಕಾಣುತ್ತದೆ. ರಿವರ್ ಟರ್ನ್ ಎಂಬ ಬೂದು ಬಿಳುಪಿನ ಹಕ್ಕಿ, ಹಳದಿ ಕೊಕ್ಕು, ಕಪ್ಪು ಟೋಪಿ, ಆ ನಡುಗಡ್ಡೆಗಳಿಗೆ ದೊಡ್ಡ ಗುಂಪಾಗಿ ಬಂದು ಬರಿ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಮಳೆ ಬಂದು ನೀರೇರುವುದರೊಳಗೆ ಮರಿಗಳು ಹಾರಲು ಕಲಿಯಬೇಕು. ಆವತ್ತು ನಮಗೆ ಅದರ ಹೆಸರು ಗೊತ್ತಿರಲಿಲ್ಲ. ದಡದಲ್ಲಿ ಕುಳಿತು ಬುತ್ತಿ ಹಂಚಿ ತಿನ್ನುತ್ತಾ, ನೀರಿಗೆ ಧುಮುಕಿ ಮೀನು ಹಿಡಿದು ಮೇಲೇರುವ ಆ ಹಕ್ಕಿಗಳನ್ನು ಬಹಳ ಹೊತ್ತು ನೋಡಿದೆವು. ಪುಳಿಯೋಗರೆ ಮೊದಲು ಖಾಲಿಯಾಯಿತು.

ಅದೇ ಬೇಸಿಗೆಯಲ್ಲಿ, ಮೇ ತಿಂಗಳ ಕೊನೆಗೆ ನಮ್ಮ ಗುಂಪಿನ ಒಬ್ಬ ಊರು ಬಿಟ್ಟ. ಕಾರ್ಖಾನೆಯ ಊರಿನಲ್ಲಿ ಗೆಳೆತನಕ್ಕೆ ಒಂದು ಗಡುವು ಇರುತ್ತದೆ, ಅದು ಅಪ್ಪನ ನಿವೃತ್ತಿ. ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಟ್ಟುಕೊಡಬೇಕು. ರೋಲಿಂಗ್ ಮಿಲ್ಲಿನವರ ಮನೆಯಲ್ಲಿ ಇವನು ಕೊನೆಯ ಮಗ, ಅಪ್ಪನಿಗೆ ವಯಸ್ಸಾಗಿತ್ತು. ಅವರು ಸೇಲಂ ಕಡೆಯ ತಮ್ಮ ಊರಿಗೆ ಹೊರಟರು. ಓಣಿಯ ಮಕ್ಕಳೆಲ್ಲ ಸೇರಿ ಪಾತ್ರೆ ಪಗಡೆ ಲಾರಿಗೆ ಹೇರಿದೆವು. ಅವನ ಅಮ್ಮ ನಮ್ಮನ್ನು ಒಬ್ಬೊಬ್ಬರನ್ನೇ ಹತ್ತಿರ ಕರೆದು ತಲೆ ನೇವರಿಸಿ, ತಮಿಳು ಕನ್ನಡ ಎರಡೂ ಬೆರೆತ ಮಾತಿನಲ್ಲಿ ಚೆನ್ನಾಗಿ ಓದಿ ಎಂದರು. ನಾವು ಬೆಂಕಿಪೊಟ್ಟಣದಲ್ಲಿದ್ದ ಕಬ್ಬಿಣದ ಪುಡಿಯಲ್ಲಿ ಅವನ ಪಾಲು ಕೊಟ್ಟೆವು. ಆಮೇಲೆ ಬಹಳ ವರ್ಷ ಇನ್‌ಲ್ಯಾಂಡ್ ಪತ್ರಗಳು ಓಡಾಡಿದವು. ಅವನು ಕನ್ನಡದಲ್ಲೇ ಬರೆಯುತ್ತಿದ್ದ, ಕಾಗುಣಿತ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು. ಇವತ್ತಿಗೂ ನಮ್ಮಲ್ಲಿ ಯಾರ ಮನೆಯ ಮದುವೆಯಾದರೂ ಸೇಲಮ್ಮಿನಿಂದ ಅವನು ಬರುತ್ತಾನೆ.

ಕೇಳುಗರೇ, ಈಗ ಆ ಊರು ಹಾಗಿಲ್ಲ. ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಕಬ್ಬಿಣ ಉಕ್ಕಿನ ಕಾರ್ಖಾನೆ 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಸಂಸ್ಥೆಯಾದ ಸೇಲ್‌ನ ಕೈಗೆ, 1998ರಲ್ಲಿ ಪೂರ್ತಿ ಅದರೊಳಗೆ ಸೇರಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನದ ಸುದ್ದಿ ಬಂದಾಗ ಗುತ್ತಿಗೆ ಕಾರ್ಮಿಕರು ಹೆಂಡತಿ ಮಕ್ಕಳೊಂದಿಗೆ ಗೇಟಿನ ಮುಂದೆ ಕೂತರು. ಆ ಹೋರಾಟವನ್ನು ನೋಡಿದ ನಮ್ಮಂಥವರಿಗೆ ಹೊಟ್ಟೆ ಕಿವುಚಿತು. ಕಾರ್ಖಾನೆ ಎಂದರೆ ಬರಿ ಸಂಬಳದ ಲೆಕ್ಕವಲ್ಲ, ಅದನ್ನು ಸುತ್ತಿಕೊಂಡು ಬೆಳೆದ ಸಾವಿರಾರು ಬಾಲ್ಯಗಳೂ ಅದರಲ್ಲಿ ಸೇರಿವೆ.

ನಮ್ಮ ರಾಜ್ಯದಲ್ಲಿ ಹೊಸ ಕಾರ್ಖಾನೆಗಳು ಬರುತ್ತಲೇ ಇವೆ, ಅದು ಸಂತೋಷದ ವಿಷಯ. ದಾಬಸ್‌ಪೇಟೆ, ನರಸಾಪುರ, ವಸಂತನರಸಾಪುರದ ಕಡೆ ಹೋಗಿ ನೋಡಿ. ಒಳ್ಳೆಯ ರಸ್ತೆ, ದೊಡ್ಡ ದೊಡ್ಡ ಶೆಡ್ಡು, ಎತ್ತರದ ಕಾಂಪೌಂಡು. ಪಾಳಿ ಬದಲಾಗುವ ಹೊತ್ತಿಗೆ ಬಸ್ಸುಗಳು ಸಾಲಾಗಿ ಬಂದು ಕೆಲಸಗಾರರನ್ನು ಇಳಿಸುತ್ತವೆ, ಹತ್ತಿಸಿಕೊಂಡು ಹೋಗುತ್ತವೆ. ಇಷ್ಟು ಜನ ದುಡಿಯುವ ಜಾಗದಲ್ಲಿ ಮಕ್ಕಳ ದನಿ ಕೇಳುವುದಿಲ್ಲ. ಎಷ್ಟೋ ಕೆಲಸಗಾರರ ಮಕ್ಕಳು ಊರಿನಲ್ಲಿ ಅಜ್ಜ ಅಜ್ಜಿಯ ಹತ್ತಿರ ಇದ್ದಾರೆ. ಇನ್ನೆಷ್ಟೋ ಮಕ್ಕಳು ಒಂದು ಕೋಣೆಯ ಬಾಡಿಗೆ ಮನೆಯಲ್ಲಿ, ಹೊರಗಿನಿಂದ ಚಿಲಕ ಹಾಕಿದ ಬಾಗಿಲ ಹಿಂದೆ, ಮೊಬೈಲು ಹಿಡಿದು ರಜೆ ಕಳೆಯುತ್ತಾರೆ. ಅಪ್ಪ ಅಮ್ಮನನ್ನು ದೂರಿ ಪ್ರಯೋಜನವಿಲ್ಲ, ಹೊರಗೆ ಬಿಡಲು ಜಾಗವೇ ಇಲ್ಲ. 1948ರ ಕಾರ್ಖಾನೆಗಳ ಕಾಯ್ದೆ ಬರೆದವರು, ನಿಗದಿತ ಸಂಖ್ಯೆಗಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕೆಂದು ಯೋಚಿಸಿದ್ದರು. ಏಳು ವರ್ಷದಿಂದ ಹದಿನಾಲ್ಕರವರೆಗಿನ ಮಕ್ಕಳ ಬಗ್ಗೆ ಈಗ ನಾವು ಯೋಚಿಸಬೇಕು.

ಭದ್ರಾವತಿಯ ಹಾಗೆ ಇನ್ನೊಂದು ಊರು ಕಟ್ಟುವುದು ಈ ಕಾಲದಲ್ಲಿ ಕಷ್ಟವಿರಬಹುದು. ಆದರೆ ಒಂದು ಕೈಗಾರಿಕಾ ಪ್ರದೇಶದ ನಕ್ಷೆ ಬರೆಯುವಾಗ ನಾಲ್ಕು ಕಾರ್ಖಾನೆಗೆ ಸೇರಿ ಒಂದು ವಸತಿ ಬಡಾವಣೆ, ಅದರ ನಡುವೆ ಒಂದು ಬಯಲು, ಒಂದು ಗ್ರಂಥಾಲಯ, ಈಜು ಕಲಿಸಲು ಒಂದು ಕೊಳ ಇಷ್ಟನ್ನು ಬರೆಯುವುದು ಕಷ್ಟವಲ್ಲ. ಅಲ್ಲಿ ಮನೆ ಹಂಚುವಾಗ ಜಾತಿ, ಭಾಷೆ ಕೇಳದೆ ಹಂಚಿದರೆ ಮಿಕ್ಕ ಕೆಲಸವನ್ನು ಮಕ್ಕಳೇ ಮಾಡುತ್ತಾರೆ.

ಅಪ್ಪ ಅಮ್ಮಂದಿರಲ್ಲಿ ನನ್ನ ಕೋರಿಕೆ ಇನ್ನೂ ಚಿಕ್ಕದು. ಈ ರಜೆಯಲ್ಲಿ ನಿಮ್ಮ ಮಗುವಿನ ಜೊತೆ ಅಕ್ಕಪಕ್ಕದ ಮಕ್ಕಳನ್ನೂ ಕರೆದುಕೊಂಡು ಒಂದು ಕೆರೆಗೋ, ಗುಡ್ಡಕ್ಕೋ, ಬಯಲಿಗೋ ಹೋಗಿ ಬನ್ನಿ. ಮನೆಗೊಂದು ಬುತ್ತಿ ಇರಲಿ, ಎಲ್ಲರೂ ಎಲ್ಲರದನ್ನೂ ತಿನ್ನಲಿ. ನಿಮಗೆ ಈಜು ಬಂದರೆ ನಾಲ್ಕು ಮಕ್ಕಳಿಗೆ ಕಲಿಸಿ, ಸೈಕಲ್ ರಿಪೇರಿ ಬಂದರೆ ಅದನ್ನು ಕಲಿಸಿ. ಆ ಮಕ್ಕಳ ಮನೆಯಲ್ಲಿ ಯಾರು ಯಾವಾಗ ಕೆಲಸಕ್ಕೆ ಹೋಗುತ್ತಾರೆ, ಯಾವಾಗ ಮಲಗುತ್ತಾರೆ ಎಂಬುದನ್ನು ನಿಮ್ಮ ಮಗು ತಿಳಿದುಕೊಳ್ಳಲಿ. ಒಬ್ಬರ ಮನೆಯ ಕಷ್ಟಸುಖ ಇನ್ನೊಬ್ಬರಿಗೆ ತಿಳಿದು ಬೆಳೆದ ಮಕ್ಕಳು ದೊಡ್ಡವರಾದ ಮೇಲೆ ಅಷ್ಟು ಸುಲಭವಾಗಿ ಒಬ್ಬರನ್ನೊಬ್ಬರು ದ್ವೇಷಿಸಲಾರರು. ಇದನ್ನು ನಾನು ನಮ್ಮ ಓಣಿಯವರ ಬದುಕಿನಲ್ಲಿ ಕಂಡು ಹೇಳುತ್ತಿದ್ದೇನೆ.

ಎಲ್ಲ ಮಕ್ಕಳಿಗೂ ಒಳ್ಳೆಯ ರಜೆ, ಒಳ್ಳೆಯ ಗೆಳೆಯರು ಸಿಗಲಿ.